ಕಾಯಿನ್ ಮೊಬೈಲಲ್ಲಿದೆ, ಬೀಗದಕೈ ಯಾರ ಹತ್ರ ಇದೆ? ಕ್ರಿಪ್ಟೋ ಇಟ್ಟವರು, ಅಂಗಡಿಯವರು ಗಮನಿಸಬೇಕಾದ ವಿಷಯ

ಜಡೆ (ಸೊರಬ) : "ಅಣ್ಣ, ನಿಮ್ಮ ಸ್ಕ್ಯಾನರ್‌ಗೆ ಒಂದು ನಲವತ್ತು ಸಾವಿರ ಬರುತ್ತೆ. ನನಗೆ ಕ್ಯಾಶ್ ಕೊಡಿ ಸಾಕು, ಐನೂರು ನೀವೇ ಇಟ್ಕೊಳ್ಳಿ."

ಇಂಥ ಮಾತು ನಿಮ್ಮ ಅಂಗಡಿಗೂ ಬಂದಿರಬಹುದು. ಬಂದಿಲ್ಲ ಅಂದ್ರೆ ಇನ್ಮೇಲೆ ಬರಬಹುದು. ಕೇಳುವವನು ಪರಿಚಯದ ಹುಡುಗನೇ ಇರುತ್ತಾನೆ, ಕಳ್ಳನಲ್ಲ. ಬೆಂಗಳೂರಲ್ಲಿದ್ದಾಗಲೋ, ಕೊರೊನಾ ಟೈಮಲ್ಲಿ ಊರಿಗೆ ಬಂದು ಕೂತಿದ್ದಾಗಲೋ ಒಂದಿಷ್ಟು ಕ್ರಿಪ್ಟೋ ತಗೊಂಡಿರುತ್ತಾನೆ. ಈಗ ಮಾರಿ ದುಡ್ಡು ಮಾಡ್ಕೋಬೇಕು. ತನ್ನ ಖಾತೆಗೆ ಬಂದರೆ ತೆರಿಗೆ ತಲೆನೋವು, ಅದಕ್ಕೆ ಅಣ್ಣನ ಸ್ಕ್ಯಾನರ್. ಅಣ್ಣನಿಗೂ ಕೂತಲ್ಲೇ ಐನೂರು ರೂಪಾಯಿ. ಇಬ್ಬರಿಗೂ ಇದರಲ್ಲಿ ತಪ್ಪೇನೂ ಕಾಣಿಸಲ್ಲ.

ಆದರೆ ಆ ನಲವತ್ತು ಸಾವಿರ ಕಳಿಸಿದವರು ಯಾರು ಅನ್ನೋದು ಇಬ್ಬರಿಗೂ ಗೊತ್ತಿಲ್ಲ. ತಾಪತ್ರಯ ಶುರುವಾಗೋದೇ ಅಲ್ಲಿಂದ.

2025ರ ಅಕ್ಟೋಬರ್‌ನಲ್ಲಿ ಒಂದು ಬಿಟ್‌ಕಾಯಿನ್ ಬೆಲೆ ಒಂದು ಕೋಟಿ ರೂಪಾಯಿ ದಾಟಿತ್ತು, ಆಮೇಲೆ ಜರ್ರನೆ ಇಳಿಯಿತು. ಬೆಲೆ ಹೀಗೆ ಏರಿಳಿದಾಗೆಲ್ಲ ಹಳೇ ಕಾಯಿನ್ ಇಟ್ಕೊಂಡವರಿಗೆ ನೆನಪಾಗುತ್ತೆ. ಪಾಸ್‌ವರ್ಡ್ ಹುಡುಕ್ತಾರೆ, ಮಾರೋ ದಾರಿ ಹುಡುಕ್ತಾರೆ. ಈ ಬರಹ ಕ್ರಿಪ್ಟೋ ತಗೊಳ್ಳಿ ಅಂತ ಹೇಳೋದಕ್ಕಲ್ಲ. ತಗೊಂಡಾಗಿದೆ, ಈಗ ಎಲ್ಲಿಡಬೇಕು, ಹೇಗೆ ಕಾಪಾಡಬೇಕು, ಹೇಗೆ ದುಡ್ಡು ಮಾಡ್ಕೋಬೇಕು ಅನ್ನೋರಿಗೆ. ಅವರ ದುಡ್ಡು ಗೊತ್ತಿಲ್ಲದೆ ತಮ್ಮ ಖಾತೆ ಮೂಲಕ ಹಾದು ಹೋಗಬಹುದಾದ ಅಂಗಡಿಯವರಿಗೂ ಇದು ಬೇಕು.

ಪೊಲೀಸರ ಕೈಗೂ ಸಿಗದ ಬಿಟ್‌ಕಾಯಿನ್

ಬೀಗದಕೈ ಅಂದರೆ ಏನು ಅಂತ ಅರ್ಥ ಮಾಡ್ಕೊಳ್ಳೋಕೆ ನಮ್ಮ ರಾಜ್ಯದ ಕೇಸೇ ಸಾಕು. 2020ರ ನವೆಂಬರ್‌ನಲ್ಲಿ ಬೆಂಗಳೂರು ಸಿಸಿಬಿ ಪೊಲೀಸರು ಶ್ರೀಕೃಷ್ಣ ರಮೇಶ್ ಅಲಿಯಾಸ್ ಶ್ರೀಕಿ ಎಂಬಾತನನ್ನು ಬಂಧಿಸಿದ್ದು ಎಲ್ಲರಿಗೂ ನೆನಪಿರುತ್ತೆ. ಮೊದಲು ಡ್ರಗ್ಸ್ ಕೇಸು, ಆಮೇಲೆ ಹ್ಯಾಕಿಂಗ್. 2021ರ ಜನವರಿಯಲ್ಲಿ ಪೊಲೀಸರು 31 ಬಿಟ್‌ಕಾಯಿನ್ ವಶಪಡಿಸಿಕೊಂಡಿದ್ದೇವೆ, ಬೆಲೆ 9 ಕೋಟಿ ರೂಪಾಯಿ ಅಂದರು. ಪತ್ರಿಕೆಗಳಲ್ಲೂ ಬಂತು. ಆದರೆ ಅದೇ ವರ್ಷ ನವೆಂಬರ್‌ನಲ್ಲಿ, ರಾಜಕೀಯ ಗದ್ದಲ ಎದ್ದಿದ್ದಾಗ, ಪೊಲೀಸರೇ ವಿವರಣೆ ಕೊಡಬೇಕಾಯ್ತು. ಆರೋಪಿ ತನ್ನದು ಅಂತ ತೋರಿಸಿದ ವಾಲೆಟ್ ಅವನದ್ದೇ ಅಲ್ಲ, ಅದೊಂದು ಎಕ್ಸ್‌ಚೇಂಜ್‌ನ ಚಾಲ್ತಿ ವಾಲೆಟ್. ಅದರ ಪ್ರೈವೇಟ್ ಕೀ ಆತನ ಹತ್ರ ಇರಲೇ ಇಲ್ಲ. ಸಿಕ್ಕಿದ್ದು ಶೂನ್ಯ.

ಆ ಪ್ರಕರಣದ ರಾಜಕೀಯ ಬೇರೆ ಮಾತು. 2023ರಲ್ಲಿ ಎಸ್‌ಐಟಿ ಆಯ್ತು, 2017ರಲ್ಲಿ ತುಮಕೂರಿನಲ್ಲಿ ಯುನೋಕಾಯಿನ್ ಕಂಪನಿಯಿಂದ ಕಳುವಾದ 60ಕ್ಕೂ ಹೆಚ್ಚು ಬಿಟ್‌ಕಾಯಿನ್ ಕೇಸು ಮತ್ತೆ ತೆರೆಯಿತು. ನಮಗೆ ಬೇಕಾದದ್ದು ಇಷ್ಟೇ: ಸ್ಕ್ರೀನ್ ಮೇಲೆ ಲೆಕ್ಕ ಕಾಣಿಸಿದ ಮಾತ್ರಕ್ಕೆ ಕಾಯಿನ್ ಕೈಯಲ್ಲಿದೆ ಅಂತಲ್ಲ. ಕೀ ಯಾರ ಹತ್ರ ಇದೆಯೋ ಕಾಯಿನ್ ಅವರದ್ದು. ಸಿಸಿಬಿಗೇ ಹೀಗಾಗಿರುವಾಗ, ಟೆಲಿಗ್ರಾಂ ಗ್ರೂಪಲ್ಲಿ ಯಾರೋ ಕಳಿಸಿದ ಆ್ಯಪ್‌ನಲ್ಲಿ "ನಿಮ್ಮ ಬ್ಯಾಲೆನ್ಸ್ 12 ಲಕ್ಷ" ಅಂತ ತೋರಿಸಿದ್ದನ್ನ ನಂಬೋರಿಗೆ ಏನು ಹೇಳೋಣ.

ಮಂಡಿಯಲ್ಲಿ ಅಡಿಕೆ ಇಟ್ಟ ಹಾಗೆ

ನಮ್ಮ ಕಡೆ ಕ್ರಿಪ್ಟೋ ಇರುವ ಹೆಚ್ಚಿನವರ ಕಾಯಿನ್ ಇರೋದು ಯಾವುದಾದರೂ ಎಕ್ಸ್‌ಚೇಂಜ್ ಆ್ಯಪ್‌ನಲ್ಲಿ. ಇದು ರೇಟು ಬರಲಿ ಅಂತ ಮಂಡಿಯಲ್ಲಿ ಅಡಿಕೆ ಇಟ್ಟು ಬಂದ ಹಾಗೆ. ಚೀಟಿ ನಿಮ್ಮ ಜೇಬಲ್ಲಿ, ಮಾಲು ಅವರ ಗೋಡೌನಲ್ಲಿ. ಮಂಡಿಯವರು ನೆಟ್ಟಗಿದ್ದರೆ ತೊಂದರೆ ಇಲ್ಲ. ಆದರೆ ಬ್ಯಾಂಕ್ ಮುಳುಗಿದರೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆಯಲ್ಲ, ಕ್ರಿಪ್ಟೋ ಎಕ್ಸ್‌ಚೇಂಜ್‌ಗೆ ಅಂಥದ್ದು ಇಲ್ಲ.

2024ರ ಜುಲೈ 18ರಂದು ವಜೀರ್‌ಎಕ್ಸ್‌ನ ವಾಲೆಟ್‌ನಿಂದ ಸುಮಾರು 23 ಕೋಟಿ ಡಾಲರ್, ಅಂದರೆ ಹತ್ತಿರ ಹತ್ತಿರ 2,000 ಕೋಟಿ ರೂಪಾಯಿಯ ಕಾಯಿನ್ ಹೋಯ್ತು. ಒಬ್ಬರ ಸಹಿಯಿಂದ ತೆರೆಯುವ ವಾಲೆಟ್ ಕೂಡ ಆಗಿರಲಿಲ್ಲ, ಹಲವರ ಸಹಿ ಬೇಕಿತ್ತು. ಆದರೂ ಹೋಯ್ತು. ಉತ್ತರ ಕೊರಿಯಾದ ಹ್ಯಾಕರ್‌ಗಳ ಕೆಲಸ ಅಂತ ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ 2025ರ ಜನವರಿಯಲ್ಲಿ ಹೇಳಿದವು. ಗ್ರಾಹಕರು ಮಾತ್ರ 15 ತಿಂಗಳು ಕಾದರು. ಸಿಂಗಪುರದ ಕೋರ್ಟಿನಲ್ಲಿ ಪರಿಹಾರ ಯೋಜನೆ ಒಪ್ಪಿಗೆಯಾಗಿ ವಹಿವಾಟು ಮತ್ತೆ ಶುರುವಾಗಿದ್ದು 2025ರ ಅಕ್ಟೋಬರ್ 24ಕ್ಕೆ. ನಮ್ಮ ದುಡ್ಡು ಭಾರತದ ಕಂಪನಿಯಲ್ಲಿದೆ ಅಂದುಕೊಂಡಿದ್ದವರಿಗೆ ನ್ಯಾಯ ಸಿಂಗಪುರದಲ್ಲಿ! ಜಡೆಯಿಂದ ಶಿವಮೊಗ್ಗ ಕೋರ್ಟಿಗೆ ಹೋಗಿ ಬರೋಕೆ ಒಂದು ದಿನ ಹೋಗುತ್ತೆ, ಸಿಂಗಪುರಕ್ಕೆ ಯಾರು ಹೋಗ್ತಾರೆ?

ಮರುವರ್ಷ ಅದೇ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್‌ನಿಂದ 4.4 ಕೋಟಿ ಡಾಲರ್ ಹೋಯಿತು. ಅಲ್ಲಿ ಹೋದದ್ದು ಕಂಪನಿಯ ಸ್ವಂತ ಖಾತೆ, ಗ್ರಾಹಕರ ಕಾಯಿನ್‌ಗೆ ತೊಂದರೆ ಇಲ್ಲ, ನಷ್ಟ ನಾವೇ ಭರಿಸ್ತೇವೆ ಅಂತ ಕಂಪನಿ ಹೇಳಿತು. ಎರಡೂ ಕಳ್ಳತನವೇ, ಗ್ರಾಹಕರ ಪಾಡು ಮಾತ್ರ ಅಜಗಜಾಂತರ. ಮೊದಲೇ ಇಂಥದ್ದನ್ನ ಗೊತ್ತು ಮಾಡ್ಕೊಳ್ಳೋ ದಾರಿ ಸಾಮಾನ್ಯರಿಗೆ ಇಲ್ಲ.

ಒಂದು ಒಳ್ಳೆ ಬೆಳವಣಿಗೆಯೂ ಇದೆ. ವಜೀರ್‌ಎಕ್ಸ್‌ನಲ್ಲಿ 1.98 ಲಕ್ಷ ರೂಪಾಯಿ ಹಾಕಿದ್ದ ಹೂಡಿಕೆದಾರರೊಬ್ಬರ ಅರ್ಜಿಯಲ್ಲಿ ಮದ್ರಾಸ್ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಕ್ರಿಪ್ಟೋ ಕೂಡ ಆಸ್ತಿಯೇ, ಅದರ ಮೇಲೆ ಒಡೆತನ ಇರುತ್ತೆ ಅಂತ ಹೇಳಿದೆ. ಮುಂದೆ ಇಂಥ ಕೇಸುಗಳಿಗೆ ಇದು ಆಧಾರವಾಗುತ್ತೆ.

ಹಾಗಾದರೆ ಎಲ್ಲಿಡಬೇಕು? ನನ್ನ ಅಭಿಪ್ರಾಯ ಕೇಳಿದರೆ, ಹತ್ತು ಇಪ್ಪತ್ತು ಸಾವಿರ ರೂಪಾಯಿಯ ಕಾಯಿನ್ ಇರೋರು ನೋಂದಾಯಿತ ಎಕ್ಸ್‌ಚೇಂಜ್‌ನಲ್ಲೇ ಇಟ್ಕೊಳ್ಳಿ. ಸ್ವಂತ ವಾಲೆಟ್ ಮಾಡ್ಕೊಂಡು ಕೀ ಕಳ್ಕೊಳ್ಳೋ ಅಪಾಯವೇ ಅವರಿಗೆ ಜಾಸ್ತಿ. 2023ರ ಮಾರ್ಚ್‌ನಿಂದ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ತಡೆ ಕಾಯ್ದೆಯಡಿ ಬರುತ್ತವೆ, ಕೇಂದ್ರದ ಹಣಕಾಸು ಗುಪ್ತಚರ ಘಟಕ ಎಫ್‌ಐಯುನಲ್ಲಿ ನೋಂದಣಿ ಕಡ್ಡಾಯ. ನೋಂದಣಿ ಇದೆಯಾ ಅಂತ ಮೊದಲು ನೋಡಿ. ಲಾಗಿನ್‌ಗೆ ಎಸ್‌ಎಂಎಸ್ ಓಟಿಪಿ ಒಂದನ್ನೇ ನಂಬಬೇಡಿ, ಅಥೆಂಟಿಕೇಟರ್ ಆ್ಯಪ್ ಹಾಕ್ಕೊಳ್ಳಿ. ಸಿಮ್ ಡೂಪ್ಲಿಕೇಟ್ ಮಾಡಿಸಿ ಓಟಿಪಿ ಕದಿಯೋದು ಹೊಸದೇನಲ್ಲ.

ಮೊತ್ತ ಲಕ್ಷಗಳಲ್ಲಿದ್ದು, ವರ್ಷಗಟ್ಟಲೆ ಮುಟ್ಟಲ್ಲ ಅನ್ನೋರಿಗೆ ಹಾರ್ಡ್‌ವೇರ್ ವಾಲೆಟ್ ಸರಿ. ಪೆನ್‌ಡ್ರೈವ್ ತರ ಇರುತ್ತೆ. ಕೀ ಅದರೊಳಗೇ ಇರುತ್ತೆ, ಇಂಟರ್ನೆಟ್‌ಗೆ ಹೋಗಲ್ಲ. ಕಂಪನಿಯಿಂದಲೇ ತರಿಸಿ, ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಡಬ್ಬಿ ಒಳಗೆ ಮೊದಲೇ ಪದಗಳನ್ನ ಪ್ರಿಂಟ್ ಮಾಡಿದ ಚೀಟಿ ಇದ್ದರೆ ಅದು ಮೋಸ. ಆ ಪದಗಳು ಕಳಿಸಿದವನ ಹತ್ರವೂ ಇರುತ್ತವೆ.

ಹನ್ನೆರಡು ಪದ, ಮಲೆನಾಡಿನ ಮಳೆ

ಏನದು ಪದ? ಸ್ವಂತ ವಾಲೆಟ್ ಮಾಡಿದಾಗ 12 ಅಥವಾ 24 ಇಂಗ್ಲಿಷ್ ಪದಗಳನ್ನ ತೋರಿಸುತ್ತೆ. ಸೀಡ್ ಫ್ರೇಸ್ ಅಂತಾರೆ. 2,048 ಪದಗಳ ಒಂದು ನಿಗದಿತ ಪಟ್ಟಿಯಿಂದ ಆರಿಸಿದ್ದು. ಮೊಬೈಲ್ ಕಳೆದರೂ, ಹಾರ್ಡ್‌ವೇರ್ ವಾಲೆಟ್ ಹೊಳೆಗೆ ಬಿದ್ದರೂ, ಈ ಪದಗಳಿದ್ದರೆ ಇನ್ನೊಂದು ಮೊಬೈಲಲ್ಲಿ ಎಲ್ಲಾ ವಾಪಸ್ ಬರುತ್ತೆ. ಪದಗಳು ಹೋದರೆ ಯಾರೂ ಏನೂ ಮಾಡೋಕಾಗಲ್ಲ. ಪದಗಳು ಬೇರೆಯವರಿಗೆ ಸಿಕ್ಕರೆ ನಿಮ್ಮ ಮೊಬೈಲ್ ನಿಮ್ಮ ಕೈಯಲ್ಲಿದ್ದರೂ ಕಾಯಿನ್ ಖಾಲಿ.

ಇದನ್ನ ಬರೆದಿಡೋದರಲ್ಲಿ ನಮ್ಮವರು ಮಾಡೋ ಒಂದು ತಪ್ಪು ಬೇರೆ ಕಡೆಯವರಿಗೆ ಹೊಳೆಯೋದೂ ಇಲ್ಲ. ಆ ಪದಗಳ ಪಟ್ಟಿ ಕನ್ನಡದಲ್ಲಿ ಇಲ್ಲ. ಇಂಗ್ಲಿಷ್ ಅಕ್ಷರ ಬರೆಯೋಕೆ ಬೇಜಾರಾಗಿ, ಅಥವಾ ಬೇರೆಯವರಿಗೆ ಗೊತ್ತಾಗದಿರಲಿ ಅಂತ, ಕೇಳಿಸಿದ ಹಾಗೆ ಕನ್ನಡದಲ್ಲಿ ಬರೆದಿಟ್ಟರೆ ಮುಗೀತು. ಬಲಗಡೆ ಅನ್ನೋ ಅರ್ಥದ 'ರೈಟ್' ಆ ಪಟ್ಟಿಯಲ್ಲಿದೆ, ಬರೆ ಅನ್ನೋ ಅರ್ಥದ 'ರೈಟ್' ಕೂಡ ಇದೆ. ಕನ್ನಡದಲ್ಲಿ ಎರಡೂ ಒಂದೇ. ಐದು ವರ್ಷದ ಮೇಲೆ ಯಾವುದು ಅಂತ ಹೇಗೆ ಹೇಳ್ತೀರಿ? ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲೇ, ಬಿಡಿ ಅಕ್ಷರದಲ್ಲಿ, ನಂಬರ್ ಹಾಕಿ ಬರೀರಿ. ಪದಗಳ ಕ್ರಮ ತಪ್ಪಿದರೂ ವಾಲೆಟ್ ತೆರೆಯಲ್ಲ.

ಇನ್ನು ಎಲ್ಲಿಡೋದು? ಅಟ್ಟದ ಮೇಲಿನ ಟ್ರಂಕು, ದೇವರ ಫೋಟೋ ಹಿಂದೆ, ಪಹಣಿ ಫೈಲ್ ಒಳಗೆ. ನಮ್ಮಲ್ಲಿ ಕಾಗದ ಇಡೋ ಜಾಗ ಇವೇ. ಮಳೆಗಾಲದಲ್ಲಿ ಜಮೀನಿನ ಪತ್ರಕ್ಕೇ ಬೂಸ್ಟು ಹಿಡಿಯುತ್ತೆ, ಗೆದ್ದಲು ಬಂದರೆ ಒಂದು ವಾರ ಸಾಕು. ಜಮೀನಿನ ಪತ್ರ ಹಾಳಾದರೆ ನಾಡಕಚೇರಿಗೋ ಸಬ್ ರಿಜಿಸ್ಟ್ರಾರ್ ಆಫೀಸಿಗೋ ಹೋಗಿ ನಕಲು ತರಬಹುದು. ಇದಕ್ಕೆ ನಕಲು ಕೊಡೋ ಆಫೀಸು ಪ್ರಪಂಚದಲ್ಲೇ ಇಲ್ಲ. ಇಂಕ್ ಪೆನ್ನಿನಲ್ಲಿ ಬರೆದರೆ ಥಂಡಿಗೆ ಹರಡುತ್ತೆ, ಸೀಸದ ಕಡ್ಡಿ ಮೇಲು. ಎರಡು ಪ್ರತಿ ಮಾಡಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಒಂದು ಮನೆಯಲ್ಲಿ, ಇನ್ನೊಂದು ಸೊರಬ ಅಥವಾ ಶಿಕಾರಿಪುರದ ಬ್ಯಾಂಕ್ ಲಾಕರ್‌ನಲ್ಲಿ. ಮೊತ್ತ ದೊಡ್ಡದಿದ್ದರೆ ಸ್ಟೀಲ್ ತಗಡಿನ ಮೇಲೆ ಅಕ್ಷರ ಕೊರೆದಿಟ್ಟವರೂ ಇದ್ದಾರೆ. ಪಾತ್ರೆ ಮೇಲೆ ಹೆಸರು ಹಾಕಿದ ಹಾಗೇ. ಆದರೆ ಹಾಕಿಸೋಕೆ ಪಾತ್ರೆ ಅಂಗಡಿಗೆ ಹೋಗಬೇಡಿ, ಮೆಷಿನ್ ತಂದು ನೀವೇ ಕೊರೀರಿ.

ಕೆಲವರು ಜಾಣತನ ಅಂತ ಆರು ಪದ ಇಲ್ಲಿ, ಆರು ಪದ ಅಣ್ಣನ ಮನೆಯಲ್ಲಿ ಇಡ್ತಾರೆ. ಎರಡರಲ್ಲಿ ಒಂದು ಚೀಟಿ ಹೋದರೂ ಪೂರ್ತಿ ಹೋದ ಹಾಗೆ. ಅಣ್ಣ ತಮ್ಮ ಪಾಲಾದ ಮನೆಗಳಲ್ಲಿ ಇದು ಬೇಕಾ?

ಫೋಟೋ ತೆಗೆದು ಇಡೋದು ಎಲ್ಲಕ್ಕಿಂತ ದೊಡ್ಡ ತಪ್ಪು. ಫೋಟೋ ತಾನಾಗೇ ಗೂಗಲ್‌ಗೆ ಹೋಗಿ ಕೂರುತ್ತೆ. ಆ ಜಿಮೇಲ್ ಪಾಸ್‌ವರ್ಡ್ ಮೊಬೈಲ್ ಅಂಗಡಿ ಹುಡುಗ ಸೆಟ್ ಮಾಡಿಕೊಟ್ಟಿರುತ್ತಾನೆ. ವಾಟ್ಸಾಪ್‌ನಲ್ಲಿ ತನಗೇ ತಾನು ಕಳಿಸಿಕೊಳ್ಳೋದೂ ಹಾಗೇ.

ಬರೆದ ಮೇಲೆ ಒಂದು ಪರೀಕ್ಷೆ ಮಾಡಲೇಬೇಕು. ವಾಲೆಟ್‌ಗೆ ಐನೂರು ರೂಪಾಯಿಯಷ್ಟು ಮಾತ್ರ ಹಾಕಿ, ಆ್ಯಪ್ ಡಿಲೀಟ್ ಮಾಡಿ, ಚೀಟಿ ನೋಡಿ ಮತ್ತೆ ತೆರೀರಿ. ತೆರೆದುಕೊಂಡರೆ ಮಾತ್ರ ಉಳಿದದ್ದು ಹಾಕಿ. ಬ್ರಿಟನ್‌ನ ನ್ಯೂಪೋರ್ಟ್‌ನಲ್ಲಿ ಜೇಮ್ಸ್ ಹೊವೆಲ್ಸ್ ಅನ್ನೋರ ಕೀ ಇದ್ದ ಹಾರ್ಡ್ ಡಿಸ್ಕ್ 2013ರಲ್ಲಿ ಕಸದ ಜೊತೆ ಹೋಯ್ತು, ಸುಮಾರು 8,000 ಬಿಟ್‌ಕಾಯಿನ್. ಕಸದ ಗುಡ್ಡೆ ಅಗೆಯೋಕೆ ಬಿಡಿ ಅಂತ ಹತ್ತು ವರ್ಷಕ್ಕಿಂತ ಹೆಚ್ಚು ಅಲೆದರು, 2025ರ ಜನವರಿಯಲ್ಲಿ ಕೋರ್ಟು ಆಗಲ್ಲ ಅಂದುಬಿಟ್ಟಿತು.

ಮನೆಯವರಿಗೆ ಹೇಳಬೇಕಾ? ಹೌದು. ಪದಗಳನ್ನ ಅಲ್ಲ, ಇಂಥದ್ದೊಂದು ಇದೆ, ಚೀಟಿ ಇಂಥ ಕಡೆ ಇದೆ ಅನ್ನೋದನ್ನ. ಕೆನಡಾದ ಕ್ವಾಡ್ರಿಗಾ ಎಕ್ಸ್‌ಚೇಂಜ್ ಮಾಲೀಕ 2018ರ ಡಿಸೆಂಬರ್‌ನಲ್ಲಿ ನಮ್ಮ ಜೈಪುರದಲ್ಲೇ ತೀರಿಕೊಂಡ. ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತು ಅಂದರು, ಸಾವಿರಾರು ಗ್ರಾಹಕರು ಬಾಯಿ ಬಡಕೊಂಡರು. ಆಮೇಲೆ ತನಿಖೆಯಲ್ಲಿ ಅವನು ಬದುಕಿದ್ದಾಗಲೇ ಗ್ರಾಹಕರ ದುಡ್ಡು ನುಂಗಿದ್ದ ಅಂತ ಗೊತ್ತಾಯ್ತು, ಅದು ಬೇರೆ ಕತೆ. ಎಕ್ಸ್‌ಚೇಂಜ್‌ನಲ್ಲಿದ್ದರೆ ಮರಣ ಪತ್ರ, ವಂಶವೃಕ್ಷ ಹಿಡ್ಕೊಂಡು ವಾರಸುದಾರರು ಓಡಾಡಬಹುದು. ಸ್ವಂತ ವಾಲೆಟ್‌ಗೆ ಪೌತಿ ಖಾತೆ ಮಾಡಿಸೋಕೆ ಬರಲ್ಲ.

ದುಡ್ಡು ಮಾಡ್ಕೊಳ್ಳುವಾಗ

ಒಂದು ಕಾಲದಲ್ಲಿ ಇದೇ ಕಷ್ಟವಿತ್ತು. 2018ರ ಏಪ್ರಿಲ್‌ನಲ್ಲಿ ಆರ್‌ಬಿಐ ಬ್ಯಾಂಕ್‌ಗಳಿಗೆ ಕ್ರಿಪ್ಟೋ ವ್ಯವಹಾರ ಮುಟ್ಟಬೇಡಿ ಅಂದಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಯುನೋಕಾಯಿನ್‌ನವರು ಬೆಂಗಳೂರಿನ ಕೆಂಪ್‌ಫೋರ್ಟ್ ಮಾಲ್‌ನಲ್ಲಿ ಬಿಟ್‌ಕಾಯಿನ್ ಎಟಿಎಂ ಇಟ್ಟರು. ಸಿಸಿಬಿ ಬಂದು ಮೆಷಿನ್ ಹೊತ್ಕೊಂಡು ಹೋಯ್ತು, ಸ್ಥಾಪಕರ ಬಂಧನವೂ ಆಯ್ತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆರ್‌ಬಿಐ ಸುತ್ತೋಲೆಯನ್ನೇ ರದ್ದು ಮಾಡಿತು. ಕ್ರಿಪ್ಟೋ ಇಟ್ಟುಕೊಳ್ಳೋದು, ಮಾರೋದು ಅಪರಾಧವಲ್ಲ. ಹಾಗಂತ ಅದು ಚಲಾವಣೆಯ ಹಣವೂ ಅಲ್ಲ, ನಿಮ್ಮ ಅಂಗಡಿಯಲ್ಲಿ ಯಾರಾದರೂ ಕಾಯಿನ್ ಕೊಡ್ತೀನಿ ಅಂದರೆ ತಗೊಳ್ಳಬೇಕು ಅಂತೇನಿಲ್ಲ.

ಸರಿಯಾದ ದಾರಿ ನೀರಸ: ವಾಲೆಟ್‌ನಿಂದ ನಿಮ್ಮ ಹೆಸರಿನ ನೋಂದಾಯಿತ ಎಕ್ಸ್‌ಚೇಂಜ್ ಖಾತೆಗೆ ಕಳಿಸಿ, ಅಲ್ಲೇ ಮಾರಿ, ರೂಪಾಯಿಯನ್ನ ನಿಮ್ಮದೇ ಬ್ಯಾಂಕ್ ಖಾತೆಗೆ ತಗೊಳ್ಳೋದು. ಕಳಿಸುವಾಗ ನೆಟ್‌ವರ್ಕ್ ನೋಡಿ. ಯುಎಸ್‌ಡಿಟಿ ಟ್ರಾನ್ ಜಾಲದಲ್ಲೂ ಇದೆ, ಇಥೀರಿಯಂ ಜಾಲದಲ್ಲೂ ಇದೆ. ಒಂದರದ್ದನ್ನ ಇನ್ನೊಂದಕ್ಕೆ ಕಳಿಸಿದರೆ ವಾಪಸ್ ಬರೋದು ಡೌಟು. ಮೊದಲು ಸಣ್ಣ ಮೊತ್ತ ಕಳಿಸಿ, ಬಂತು ಅಂತ ನೋಡಿ, ಆಮೇಲೆ ದೊಡ್ಡದು. ಅಡ್ರೆಸ್ ಕಾಪಿ ಮಾಡಿದ ಮೇಲೆ ಮೊದಲ ನಾಲ್ಕು ಅಕ್ಷರ ನೋಡಿ ಸುಮ್ಮನಾಗಬೇಡಿ, ಪೂರ್ತಿ ನೋಡಿ. ಆರಂಭ, ಕೊನೆ ಒಂದೇ ತರ ಇರೋ ನಕಲಿ ಅಡ್ರೆಸ್ ತೋರಿಸಿ ಯಾಮಾರಿಸೋದು ಈಗ ಮಾಮೂಲಿ.

ಬ್ಯಾಂಕ್ ಖಾತೆ ಬಗ್ಗೆ ಒಂದು ಮಾತು. ಅಂಗಡಿ ಕರೆಂಟ್ ಅಕೌಂಟ್ ಬೇಡ, ಬೆಳೆ ಸಾಲದ ಖಾತೆ ಬೇಡ, ಹೆಂಡತಿಯ ಗೃಹಲಕ್ಷ್ಮಿ ಖಾತೆ ಅಂತೂ ಬೇಡವೇ ಬೇಡ. ಇದಕ್ಕೇ ಅಂತ ಒಂದು ಉಳಿತಾಯ ಖಾತೆ ಇಟ್ಕೊಳ್ಳಿ.

ತೆರಿಗೆ? ಜನ ಪಿಟುಪಿ, ಸ್ಕ್ಯಾನರ್ ಅಂತ ಅಡ್ಡದಾರಿ ಹಿಡಿಯೋದೇ ಇದಕ್ಕೆ. 2022ರ ಏಪ್ರಿಲ್‌ನಿಂದ ಲಾಭದ ಮೇಲೆ 30% ತೆರಿಗೆ, ಅದರ ಮೇಲೆ 4% ಸೆಸ್. ಜುಲೈ 2022ರಿಂದ ಮಾರಿದ ಮೊತ್ತದ ಮೇಲೆ 1% ಟಿಡಿಎಸ್. ಒಂದು ಲಕ್ಷಕ್ಕೆ ತಗೊಂಡು 1,60,000ಕ್ಕೆ ಮಾರಿದಿರಿ ಅನ್ನಿ. ಲಾಭ 60,000. ತೆರಿಗೆ 18,000, ಸೆಸ್ 720, ಒಟ್ಟು 18,720. ಎಕ್ಸ್‌ಚೇಂಜ್ ಮೊದಲೇ 1,600 ಟಿಡಿಎಸ್ ಹಿಡಿದಿರುತ್ತೆ, ಉಳಿದ 17,120 ನೀವು ಕಟ್ಟಬೇಕು. ಒಂದು ಕಾಯಿನ್‌ನಲ್ಲಿ ಆದ ನಷ್ಟವನ್ನ ಇನ್ನೊಂದರ ಲಾಭದಲ್ಲಿ ಕಳೆಯೋಕೆ ಬಿಡಲ್ಲ, ಮುಂದಿನ ವರ್ಷಕ್ಕೂ ತಗೊಂಡು ಹೋಗೋಕೆ ಬಿಡಲ್ಲ. ಇದು ಅನ್ಯಾಯ ಅಂತಲೇ ನನಗನ್ನಿಸುತ್ತೆ, ಶೇರಿಗೆ ಈ ನಿಯಮ ಇಲ್ಲ. ಆದರೆ ಕಾನೂನು ಸದ್ಯ ಹೀಗಿದೆ.

ಅಡಿಕೆ, ಶುಂಠಿ, ಭತ್ತದ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ್ದರಿಂದ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ರಿಟರ್ನ್ ಹಾಕಿದ ಅಭ್ಯಾಸವೇ ಇಲ್ಲ. ಕ್ರಿಪ್ಟೋ ಮಾರಿದ ಮೇಲೆ ಹಾಗೆ ಕೂರೋಕಾಗಲ್ಲ. 1% ಟಿಡಿಎಸ್ ಹಿಡಿದಾಗಲೇ ನಿಮ್ಮ ಪ್ಯಾನ್ ನಂಬರ್ ಇಲಾಖೆಗೆ ಹೋಗಿರುತ್ತೆ. ಸಣ್ಣ ವ್ಯಾಪಾರಿಗಳು ಹಾಕುವ ಸರಳ ಫಾರಂ ಇದಕ್ಕೆ ಆಗಲ್ಲ, ಕ್ರಿಪ್ಟೋಗೆ ಅಂತಲೇ ಪ್ರತ್ಯೇಕ ಪಟ್ಟಿ ಇರುವ ಫಾರಂ ಬೇಕು. ಆಡಿಟರ್‌ಗೆ ಮೊದಲೇ ಹೇಳಿ.

ಮತ್ತೆ ಆ ನಲವತ್ತು ಸಾವಿರಕ್ಕೆ ಬಂದರೆ

ಪಿಟುಪಿ ಅಂದರೆ ಎಕ್ಸ್‌ಚೇಂಜ್‌ಗೆ ಮಾರದೆ ನೇರವಾಗಿ ಒಬ್ಬರಿಗೆ ಮಾರೋದು. ಕಾಯಿನ್ ಅವರಿಗೆ, ಯುಪಿಐ ನಿಮಗೆ. ಎರಡು ರೂಪಾಯಿ ರೇಟು ಜಾಸ್ತಿ ಕೊಡ್ತಾರೆ. ಜಾಸ್ತಿ ಯಾಕೆ ಕೊಡ್ತಾರೆ ಅಂತ ಯಾರೂ ಕೇಳಲ್ಲ.

ಹೈದರಾಬಾದಿನ ಯಾವುದೋ ನಿವೃತ್ತ ಮೇಷ್ಟ್ರಿಗೆ ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ಹಣ ಹಾಕಿಸಿಕೊಂಡಿರುತ್ತಾರೆ ಅಂದುಕೊಳ್ಳಿ. ಆ ದುಡ್ಡು ಬಾಡಿಗೆ ಖಾತೆಗಳಲ್ಲಿ ಸುತ್ತಿ, ಕೊನೆಗೆ ಕ್ರಿಪ್ಟೋ ಆಗಿ ದೇಶ ಬಿಡುತ್ತೆ. ಹಾಗೆ ಕ್ರಿಪ್ಟೋ ಮಾಡ್ಕೊಳ್ಳೋ ಜಾಗವೇ ಪಿಟುಪಿ. ಹುಡುಗನ ಕಾಯಿನ್ ವಂಚಕರಿಗೆ ಹೋಯ್ತು, ಮೇಷ್ಟ್ರ ದುಡ್ಡು ನಿಮ್ಮ ಸ್ಕ್ಯಾನರ್‌ಗೆ ಬಂತು. ಮೇಷ್ಟ್ರು 1930ಗೆ ಫೋನ್ ಮಾಡ್ತಾರೆ. ದುಡ್ಡು ಹೋದ ದಾರಿ ಹಿಡಿದು ಒಂದೊಂದೇ ಬ್ಯಾಂಕಿಗೆ ಸಂದೇಶ ಹೋಗುತ್ತೆ, ಸಾಲಿನಲ್ಲಿ ಮೂರನೆಯದೋ ನಾಲ್ಕನೆಯದೋ ನಿಮ್ಮದು. ಬೆಳಿಗ್ಗೆ ಹೋಲ್‌ಸೇಲ್‌ನವರಿಗೆ ಕೊಟ್ಟ ಚೆಕ್ ಬೌನ್ಸ್ ಆದಾಗಲೇ ಖಾತೆ ಹೋಲ್ಡ್ ಆಗಿದೆ ಅಂತ ಗೊತ್ತಾಗೋದು.

ಬ್ಯಾಂಕಿನವರನ್ನ ಕೇಳಿದರೆ ಪೊಲೀಸರದ್ದು ಅಂತಾರೆ, ಯಾವ ಪೊಲೀಸರು ಅಂದರೆ ತೆಲಂಗಾಣ ಅಂತಾರೆ. ಹುಡುಗನ ಕೈಗೆ ಕ್ಯಾಶ್ ಕೊಟ್ಟಾಗಿದೆ. ನೀವು ಯಾವ ಸಾಮಾನು ಮಾರಿದಿರಿ, ಬಿಲ್ ಎಲ್ಲಿ ಅಂದರೆ ತೋರಿಸೋಕೆ ಏನೂ ಇಲ್ಲ. ಐನೂರು ರೂಪಾಯಿ ಕಮಿಷನ್ ತಗೊಂಡಿದ್ದೇ ಆಗ ನಿಮ್ಮ ವಿರುದ್ಧ ಸಾಕ್ಷಿ.

ಹೀಗಾದರೆ ಏನು ಮಾಡಬೇಕು? ಮೊದಲು ಬ್ಯಾಂಕಿನಿಂದ ದೂರು ಸಂಖ್ಯೆ, ಯಾವ ಠಾಣೆ, ಎಷ್ಟು ಮೊತ್ತಕ್ಕೆ ತಡೆ ಅನ್ನೋದನ್ನ ಬರಹದಲ್ಲಿ ತಗೊಳ್ಳಿ. ಪೂರ್ತಿ ಖಾತೆ ನಿಲ್ಲಿಸಿದ್ದರೆ, ವಿವಾದದ ಮೊತ್ತ ಬಿಟ್ಟು ಉಳಿದದ್ದು ಬಿಡಿ ಅಂತ ಲಿಖಿತವಾಗಿ ಕೇಳಿ. 2023ರಲ್ಲಿ ಕೇರಳ ಹೈಕೋರ್ಟ್ ಅನುಮಾನದ ಮೊತ್ತಕ್ಕೆ ಮಾತ್ರ ತಡೆ ಇರಲಿ ಅಂತ ಹೇಳಿದ್ದು ಕೇಳೋದಕ್ಕೆ ಒಂದು ಆಧಾರ. ನಂತರ ಆ ತನಿಖಾಧಿಕಾರಿಗೆ ಇ-ಮೇಲ್ ಮತ್ತು ರಿಜಿಸ್ಟರ್ಡ್ ಪೋಸ್ಟ್. ನಿಜವಾಗಿ ಸಾಮಾನು ಮಾರಿದ್ದರೆ ಬಿಲ್, ಸ್ಟಾಕ್ ಪುಸ್ತಕ. ಕಾಯಿನ್ ಮಾರಿದವರು ನೀವೇ ಆಗಿದ್ದರೆ ಪಿಟುಪಿ ಆರ್ಡರ್ ನಂಬರ್, ಚಾಟ್, ಕಾಯಿನ್ ಹೋದ ಟ್ರಾನ್ಸಾಕ್ಷನ್ ಐಡಿ, ಎಲ್ಲಾ ಸೇರಿಸಿ. ಸುಳ್ಳು ಬಿಲ್ ಮಾತ್ರ ಮಾಡಬೇಡಿ. ಇಲ್ಲಿ ಶಿವಮೊಗ್ಗದ ಸಿಇಎನ್ ಠಾಣೆಯಲ್ಲಿ ವಿಚಾರಿಸಬಹುದು, ಆದರೆ ಬೇರೆ ರಾಜ್ಯದ ತಡೆ ತೆಗೆಯೋ ಅಧಿಕಾರ ಅವರಿಗಿಲ್ಲ.

ನೀವೇ ವಂಚನೆಗೆ ಸಿಕ್ಕಿದ್ದರೆ, ಅಂದರೆ ಕಾಯಿನ್ ಅಥವಾ ದುಡ್ಡು ಹೋಗಿದ್ದರೆ, ಮೊದಲ ಗಂಟೆಯಲ್ಲೇ 1930ಗೆ ಫೋನ್ ಮಾಡಿ. ರೂಪಾಯಿ ಇನ್ನೂ ಬ್ಯಾಂಕ್‌ಗಳಲ್ಲೇ ಸುತ್ತುತ್ತಿದ್ದರೆ ಹಿಡಿಯೋ ಅವಕಾಶ ಇರುತ್ತೆ. ಹೋದ ಕಾಯಿನ್ ವಾಪಸ್ ತಂದುಕೊಡ್ತೀವಿ, 12 ಪದ ಕಳಿಸಿ, ಇಲ್ಲ ಮೊದಲು ಫೀಸ್ ಕಟ್ಟಿ ಅಂತ ಆಮೇಲೆ ಫೋನ್ ಮಾಡ್ತಾರಲ್ಲ, ಎಷ್ಟೋ ಸಲ ಅವರೂ ಅದೇ ಗ್ಯಾಂಗಿನವರು.